ಸಹಾಯ ಬೇಕು: ಕಲಬುರಗಿ ಕಡೆ ಎಎ ಸಭೆ ಈಗ ಎಲ್ಲೆಲ್ಲಿ ನಡೀತಾವ?

ಶರಣು. ಕಲಬುರಗಿ, ಬೀದರ್, ಯಾದಗಿರಿಯೊಳಗ ನಡಿಯೋ ಆಲ್ಕೊಹಾಲಿಕ್ಸ್ ಅನಾನಿಮಸ್ (ಎಎ, ಕುಡಿತ ಬಿಡೋರು ಒಬ್ರಿಗೊಬ್ರು ಆಸರಾಗೋ ಗುಂಪು) ಸಭೆಗಳ ಪಟ್ಟಿ ಮಾಡ್ಲಿಕತ್ತೀವಿ. "ಬಸ್ ಸ್ಟ್ಯಾಂಡ್ ಹತ್ರ ಅದ" ಅಂದ್ರ ಸಾಲಂಗಿಲ್ಲ. ಯಾವ ಕಟ್ಟಡ, ಯಾವ ಬಾಗಿಲು, ಯಾವ ವಾರ, ಎಷ್ಟು ಗಂಟೆಗೆ, ಕನ್ನಡದಾಗೋ ದಖ್ಖನಿಯೊಳಗೋ, ಇಷ್ಟು ಬೇಕು. ಹೋದ ತಿಂಗಳು ನಡೆದದ್ದು ಖಾತ್ರಿ ಇದ್ರ ಮಾತ್ರ ಹಾಕ್ರಿ. ಧೈರ್ಯ ಮಾಡಿ ಮೊದಲ ಸಲ ಹೋದವ್ರಿಗೆ ಬಾಗಿಲಿಗೆ ಬೀಗ ಕಂಡ್ರ ಎರಡನೇ ಸಲ ಹೋಗಂಗಿಲ್ಲ.

ಓಪನ್ ಸಭೆಯೋ ಕ್ಲೋಸ್ಡ್ ಸಭೆಯೋ ಅದನ್ನೂ ಬರೀರಿ. ಓಪನ್‌ಗೆ ಮನಿಯವ್ರೂ ಹೋಗಬಹುದು. ಕ್ಲೋಸ್ಡ್ ಇರೋದು ಕುಡಿತ ಬಿಡಬೇಕು ಅನ್ನೋರಿಗೆ ಅಷ್ಟೇ. ಫೀಸ್ ಇಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ, ಸುಮ್ನ ಕೂತು ಕೇಳಿದ್ರೂ ನಡೀತದ. ಮನಿಯವ್ರಿಗೆ ಬ್ಯಾರೇ ಇರೋ ಅಲ್-ಅನಾನ್ ಸಭೆ ಗೊತ್ತಿದ್ರ ಅದೂ ಬೇಕು.

ದಿನಾ ಜಾಸ್ತಿ ಕುಡಿಯೋರು ಸಭೆ ಸಲುವಾಗಿ ಒಮ್ಮೆಲೇ ನಿಲ್ಲಿಸಬ್ಯಾಡ್ರಿ. ಕಡೀ ಗ್ಲಾಸಿನ ಮ್ಯಾಲೆ 6ರಿಂದ 48 ತಾಸಿನೊಳಗ ಫಿಟ್ಸ್ ಬರಬಹುದು. 2-3ನೇ ದಿನಕ್ಕ ಕೈ ನಡುಗಿ, ಇಲ್ಲದ್ದು ಕಾಣೋದು ಜೀವಕ್ಕ ಅಪಾಯ. ಮೊದಲು ಸರ್ಕಾರಿ ದವಾಖಾನಿ, ಅಂದ್ರ ಕಲಬುರಗಿಯ ಜಿಮ್ಸ್ ಅಥವಾ ಬೀದರಿನ ಬ್ರಿಮ್ಸ್ ಡಾಕ್ಟರ್‌ಗೆ ತೋರಿಸ್ರಿ. ನಶಾ ಬಿಡಿಸೋ ಸಹಾಯವಾಣಿ 14446, ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416, ಎರಡೂ ಪುಕ್ಕಟೆ.

ಸಭೆಯೊಳಗ ಕಂಡವ್ರ ಹೆಸರು, ನಂಬರ್ ಇಲ್ಲಿ ಹಾಕಬ್ಯಾಡ್ರಿ, ಜಾಗಾ ಮತ್ತ ಟೈಮ್ ಅಷ್ಟೇ ಸಾಕು.