ಸಹಾಯ ಬೇಕು: ‘ಕೊರ್ನೀಲಿಯಾ ಬಿ. ವಿಂಡಿಯೇಟ್’ ಹಡಗಿನ 3ಡಿ ಮಾದರಿಯಲ್ಲಿ ಹಾಯಿಕಂಬ ಕೂಡುತ್ತಿಲ್ಲ

ನಮಸ್ಕಾರ. 1875ರಲ್ಲಿ ಗೋಧಿ ಹೊತ್ತು ಉತ್ತರ ಅಮೆರಿಕದ ಹ್ಯೂರಾನ್ ಸರೋವರದಲ್ಲಿ ಮುಳುಗಿದ ಈ ಹಾಯಿಹಡಗು ಸುಮಾರು 185 ಅಡಿ ಆಳದಲ್ಲಿ, ಮೂರೂ ಕಂಬಗಳ ಸಮೇತ ನೆಟ್ಟಗೆ ಕೂತಿದೆ. ಸಮುದ್ರದ ಮರಕೊರಕ ಹುಳು ಆ ತಣ್ಣನೆಯ ಸಿಹಿನೀರಿನಲ್ಲಿ ಬದುಕುವುದಿಲ್ಲ, ಹಾಗಾಗಿ ಮರ ಉಳಿದಿದೆ.

ಫೋಟೊಗಳಿಂದ ಮಾದರಿ ಕಟ್ಟುವಾಗ ಡೆಕ್ (ಹಡಗಿನ ಮೇಲಿನ ನೆಲ) ಸರಿಯಾಗಿ ಜೋಡಣೆಯಾಗುತ್ತದೆ. ಕಂಬಗಳು ಮಾತ್ರ ಬೇರೆ ತುಂಡಾಗಿ ಕಳಚಿಕೊಳ್ಳುತ್ತವೆ. ಒಂದು ಫೋಟೊ ಇನ್ನೊಂದರ ಮೇಲೆ 80% ಹೊದ್ದುಕೊಂಡಿದ್ದರೂ ಇದೇ ಪಾಡು. ಕಂಬ ತೆಳ್ಳಗೆ, ಹಿಂದೆ ಬರೀ ಕತ್ತಲ ನೀರು. ಮೇಲೆಲ್ಲ ಕ್ವಾಗಾ ಎಂಬ ಸಣ್ಣ ಚಿಪ್ಪುಜೀವಿ ಒಂದೇ ಥರ ಹಬ್ಬಿರುವುದರಿಂದ ತಂತ್ರಾಂಶಕ್ಕೆ ಗುರುತು ಸಿಗುವುದಿಲ್ಲ. ಚಿಪ್ಪು ಕೆರೆಯುವ ಸಲಹೆ ದಯವಿಟ್ಟು ಬೇಡ, ಮರದ ಮೇಲ್ಪದರವೂ ಕಿತ್ತು ಬರುತ್ತದೆ.

ಬುಡದಿಂದ ಸುರುಳಿಯಾಗಿ ಏರುತ್ತ, ಡೆಕ್‌ನ ಅಂಚು ಫೋಟೊ ಚೌಕಟ್ಟಿನಲ್ಲಿ ಉಳಿಸಿಕೊಂಡರೆ ಸಾಕೇ? ಡೆಕ್ ಮರೆಯಾದ ಮೇಲೆ, ತುದಿಯ ಹತ್ತಿರ, ಏನು ಆಧಾರ ಇಟ್ಟುಕೊಳ್ಳುತ್ತೀರಿ? ಫೋಟೊದಲ್ಲಿ ನೀರಿನ ಭಾಗ ಮುಚ್ಚುವ ಮಾಸ್ಕ್ ಅನ್ನು ಫೋಟೊಗಳ ಜೋಡಣೆಗೆ ಮೊದಲೇ ಹಾಕಬೇಕೇ?