ದುರ್ಬೀನು ಆಪರೇಷನ್ ಆಗಿ 12 ದಿನ. ಬಕೆಟ್ ಎತ್ತಿಬಿಟ್ಟೆ, ಲೋಕಲ್ ಟ್ರೇನ್ ಯಾವಾಗ ಹತ್ತಬಹುದು?

ಡೊಂಬಿವಲಿ ಮೂರನೇ ಮಹಡಿ

ಎಲ್ಲರಿಗೂ ನಮಸ್ಕಾರ. ನನಗೆ 46. ಊರು ಕುಮಟಾ ಕಡೆ, ಡೊಂಬಿವಲಿಗೆ ಬಂದು 21 ವರ್ಷ ಆಯಿತು. ಕೆಲಸ ಮುಂಬೈಯ ಫೋರ್ಟ್‌ನಲ್ಲಿ, ಲೆಕ್ಕಪತ್ರದ್ದು.

ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ ಇತ್ತು. ಮುಟ್ಟು ಶುರುವಾದರೆ ಹತ್ತು ದಿನ ನಿಲ್ಲುತ್ತಿರಲಿಲ್ಲ. ಹಿಮೋಗ್ಲೋಬಿನ್ 7.8ಕ್ಕೆ ಇಳಿದಿತ್ತು. ಲೋಕಲ್‌ನಲ್ಲಿ ಹೋಗುವಾಗ ಎರಡೆರಡು ಪ್ಯಾಡ್, ಮೇಲೆ ಕಪ್ಪು ಸಲ್ವಾರ್. ನನ್ನ ಬೀರುವಿನಲ್ಲಿ ಈಗ ಕಪ್ಪು ಬಿಟ್ಟರೆ ಬೇರೆ ಸಲ್ವಾರ್ ಇಲ್ಲ. ಮಾತ್ರೆ, ಇಂಜೆಕ್ಷನ್ ಎಲ್ಲ ಮುಗಿದ ಮೇಲೆ ಗರ್ಭಕೋಶ ತೆಗೆಸುವುದು ಅಂತ ಆಯಿತು. ಡಾಕ್ಟರು ಮರಾಠಿಯಲ್ಲಿ ‘ದುರ್ಬೀನಿನಿಂದ ಮಾಡೋಣ’ ಅಂದರು, ಅಂದರೆ ಲ್ಯಾಪ್ರೋಸ್ಕೋಪಿ, ಸಣ್ಣ ತೂತು ಮಾಡಿ ಕ್ಯಾಮೆರಾ ಹಾಕಿ ಮಾಡುವುದು. ಅವರು ದೂರ ನಿಂತು ನೋಡಿಕೊಂಡೇ ಆಪರೇಷನ್ ಮಾಡಿದ್ದಾರೆ ಅಂತ ನಮ್ಮ ಅತ್ತೆ ಇವತ್ತಿಗೂ ನಂಬಿದ್ದಾರೆ.

ಹೊಕ್ಕಳಲ್ಲಿ ಒಂದು, ಕೆಳಗೆ ಮೂರು ತೂತು. ಒಂದೊಂದೂ ಬಿಂದಿಯಷ್ಟು. ಗರ್ಭಕೋಶ, ಅದರ ಬಾಯಿ, ಎರಡು ಟ್ಯೂಬ್ ತೆಗೆದಿದ್ದಾರೆ. ಅಂಡಾಶಯ ಉಳಿಸಿದ್ದಾರೆ. ಮೂರನೇ ದಿನ ಮನೆಗೆ ಬಂದೆ. ಹೊಟ್ಟೆಗಿಂತ ಬಲ ಹೆಗಲು ಜಾಸ್ತಿ ನೋಯುತ್ತಿತ್ತು. ಹೊಟ್ಟೆ ಕೊಯ್ದರೆ ಹೆಗಲು ಯಾಕೆ ನೋಯಬೇಕು ಅಂತ ಕೇಳಿದ್ದಕ್ಕೆ ವಾರ್ಡಿನಲ್ಲಿ ‘ಗ್ಯಾಸ್’ ಅಂದರು ಅಷ್ಟೇ. ನಾನು ಜೀರಿಗೆ ಕಷಾಯ ಕುಡಿದಿದ್ದೇ ಕುಡಿದಿದ್ದು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಬಿಲ್ಡಿಂಗಿಗೆ ಬೆಳಗ್ಗೆ ಐದೂವರೆಗೆ ನೀರು ಬರುತ್ತದೆ, ಮುಕ್ಕಾಲು ಗಂಟೆ ಅಷ್ಟೇ. ಮೊನ್ನೆ ಹತ್ತನೇ ದಿನ ಇವರು ನೈಟ್ ಶಿಫ್ಟ್‌ನಿಂದ ಬಂದಿರಲಿಲ್ಲ. ಮಗ ರಾತ್ರಿ ಎರಡರವರೆಗೆ ಓದಿ ಮಲಗಿದ್ದ. ಬಕೆಟ್ ತುಂಬಿ ಸುರಿಯುತ್ತಿತ್ತು. ನೀರು ಹರಿದು ಹೋಗುವುದನ್ನು ನೋಡುತ್ತಾ ನಿಲ್ಲುವುದು ನನ್ನ ಕೈಲಾಗಲಿಲ್ಲ. ಎತ್ತಿ ಡ್ರಮ್ಮಿಗೆ ಸುರಿದೆ. ಒಂದಲ್ಲ, ಮೂರು ಬಕೆಟ್. ಆಗ ಏನೂ ಅನಿಸಲಿಲ್ಲ. ಮಧ್ಯಾಹ್ನ ನೋಡಿದರೆ, ಅಲ್ಲಿಯವರೆಗೆ ಕಂದು ಬಣ್ಣದಲ್ಲಿ ಹೋಗುತ್ತಿದ್ದದ್ದು ಕೆಂಪಗಾಗಿತ್ತು. ರೂಪಾಯಿ ನಾಣ್ಯದಷ್ಟು ದೊಡ್ಡ ಎರಡು ಕಲೆ. ಇವತ್ತು ಮತ್ತೆ ಕಂದು.

ಅತ್ತೆ ‘ಎಲ್ಲಿ ಕೊಯ್ದಿದ್ದಾರೆ ತೋರಿಸು’ ಅಂದು ಪ್ಲಾಸ್ಟರ್ ನೋಡಿ ನಕ್ಕರು. ಊರಿನಿಂದ ಅಮ್ಮ ಮಾತ್ರ ಕಾಳುಮೆಣಸು, ಹಳೇ ಸೀರೆ ಎರಡೂ ಕಳಿಸಿದ್ದಾಳೆ, ಹೊಟ್ಟೆ ಕಟ್ಟಿಕೊ ಅಂತ. ಮಗು ಇಲ್ಲದ ಬಾಣಂತನ! ಆಫೀಸಿನಿಂದ ‘ಕೀಹೋಲ್ ಅಲ್ವಾ, 15 ದಿನ ಸಾಕಲ್ವಾ’ ಅಂತ ಮೆಸೇಜ್ ಬಂದಿದೆ.

ಕೆಂಪಗೆ ಹೋದದ್ದಕ್ಕೆ ಹೆದರಬೇಕಾ? ಲೋಕಲ್ ಹತ್ತುವುದು ಯಾವಾಗ?

ಪುಣೆ ಸಿಸ್ಟರ್

ತಂಗೀ, ನಾನು ಧಾರವಾಡದವಳು. ಪುಣೆಯಲ್ಲಿ 26 ವರ್ಷ ಹೆಂಗಸರ ವಾರ್ಡಿನಲ್ಲಿ ನರ್ಸ್ ಆಗಿದ್ದೆ. ಮೊದಲು ಇದನ್ನು ಓದುವುದು ನಿಲ್ಲಿಸಿ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ಬಕೆಟ್ ಎತ್ತಿದ ವಿಷಯ ಮುಚ್ಚಿಡಬೇಡಿ. ಬೈದರೆ ಬೈಸಿಕೊಳ್ಳಿ.

ಫೋನ್ ಆಯ್ತಾ? ಈಗ ಓದಿ.

ನಿಮಗೆ ಆಗಿರುವುದು ನಾಲ್ಕು ಗಾಯ ಅಲ್ಲ, ಐದು. ಹೊರಗಿನ ನಾಲ್ಕು ನಿಮ್ಮ ಅತ್ತೆಗೆ ಕಂಡಿವೆ. ಐದನೆಯದು ಒಳಗಿದೆ. ಗರ್ಭಕೋಶವನ್ನು ಬಾಯಿ ಸಮೇತ ತೆಗೆದಾಗ ಯೋನಿಯ ಮೇಲ್ತುದಿ ತೆರೆದುಕೊಳ್ಳುತ್ತದೆ. ಚೀಲದ ಬಾಯಿ ಹೊಲಿದಂತೆ ಅದನ್ನು ಅಡ್ಡಕ್ಕೆ ಹೊಲಿದು ಮುಚ್ಚುತ್ತಾರೆ. ದೊಡ್ಡದಾಗಿ ಹೊಟ್ಟೆ ಕೊಯ್ದರೂ ದುರ್ಬೀನು ಹಾಕಿದರೂ ಆ ಹೊಲಿಗೆ ಇದ್ದೇ ಇರುತ್ತದೆ. ಹೊರಗಿನ ಚರ್ಮ ಹತ್ತು ದಿನಕ್ಕೆ ಕೂಡಿಕೊಂಡರೂ ಅದು ಗಟ್ಟಿಯಾಗಲು ಆರರಿಂದ ಎಂಟು ವಾರ ಬೇಕು. ಗಂಡನ ಜೊತೆ ಸೇರುವುದೂ ಡಾಕ್ಟರು ಪರೀಕ್ಷೆ ಮಾಡಿ ಸರಿ ಅಂದ ಮೇಲೇ. ಇದನ್ನು ನಮ್ಮ ಹೆಂಗಸರು ಕೇಳುವುದಿಲ್ಲ, ಅದಕ್ಕೆ ನಾನೇ ಹೇಳಿಬಿಟ್ಟೆ.

15 ಲೀಟರ್ ನೀರು ಅಂದರೆ 15 ಕಿಲೋ. ಭಾರ ಎತ್ತುವಾಗ ಉಸಿರು ಕಟ್ಟುತ್ತೀರಲ್ವಾ, ಆಗ ಹೊಟ್ಟೆಯ ಒತ್ತಡವೆಲ್ಲ ಕೆಳಕ್ಕೆ, ಆ ಹೊಲಿಗೆಯ ಮೇಲೇ ಬೀಳುತ್ತದೆ. ನಾಲ್ಕೈದು ಕಿಲೋ ದಾಟಬೇಡಿ ಅಂತ ಡಾಕ್ಟರು ಹೇಳುತ್ತಾರೆ. ವಾರ್ಡಿನಲ್ಲಿ ನಾನು ಹೇಳುತ್ತಿದ್ದದ್ದು ಬೇರೆ: ಎತ್ತುವಾಗ ಮಾತಾಡಲು ಆಗದಿದ್ದರೆ ಅದು ನಿಮಗೆ ಭಾರ. ಶೌಚಕ್ಕೆ ತಿಣುಕುವುದೂ ಅಷ್ಟೇ ಕೆಟ್ಟದ್ದು. ಕಬ್ಬಿಣದ ಮಾತ್ರೆ ಬೇರೆ ತಿನ್ನುತ್ತಿರುತ್ತೀರಿ, ಅದು ಮಲ ಗಟ್ಟಿ ಮಾಡುತ್ತದೆ. ಇಸಬ್ಗೋಲ್ ಆಗುತ್ತದಾ ಅಂತ ಡಾಕ್ಟರನ್ನೇ ಕೇಳಿ. ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಒತ್ತಿ ಹಿಡಿದು ಕೆಮ್ಮಿ.

ಕಂದು ಸ್ರಾವ ಕೆಲವು ವಾರ ಇರುವುದು ಸಹಜ. ಎರಡು ವಾರದ ಆಸುಪಾಸಿನಲ್ಲಿ ಒಳಗಿನ ಹೊಲಿಗೆ ಕರಗುವಾಗ ಸ್ವಲ್ಪ ಕೆಂಪಗೆ ಹೋಗುವುದೂ ಉಂಟು. ಆದರೆ ಒಂದು ಗಂಟೆಯಲ್ಲಿ ಪ್ಯಾಡ್ ಪೂರ್ತಿ ನೆನೆದರೆ, ದುರ್ವಾಸನೆ ಬಂದರೆ, ಜ್ವರ 100.4 ದಾಟಿದರೆ, ಮೂತ್ರ ಕಟ್ಟಿದರೆ, ಕೆಳಗಿನಿಂದ ನೀರಿನಂತೆ ಸುರಿದರೆ ಅಥವಾ ಏನೋ ಜಾರಿದಂತಾದರೆ ಫೋನ್ ಅಲ್ಲ, ನೇರ ಆಸ್ಪತ್ರೆ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೂ, ಉಸಿರು ಸಿಗದಂತಾದರೂ ಹಾಗೆಯೇ. ಅದು ರಕ್ತ ಹೆಪ್ಪುಗಟ್ಟಿದ್ದರ ಲಕ್ಷಣ. ಅದಕ್ಕೇ ಮನೆಯೊಳಗೆ ನಡೀರಿ ಅನ್ನುವುದು. ಬಾಣಂತಿಯಂತೆ ಮೂಲೆ ಹಿಡಿದು ಮಲಗಬೇಡಿ. ಅಮ್ಮನ ಕಾಳುಮೆಣಸಿನ ಸಾರು ಬೇಕಾದರೆ ಉಣ್ಣಿ, ಸೀರೆ ಬಿಗಿದು ಕಟ್ಟಬೇಡಿ.

ಹೆಗಲಿನ ನೋವಿಗೂ ಜೀರಿಗೆ ಕಷಾಯಕ್ಕೂ ಸಂಬಂಧ ಇಲ್ಲ. ಒಳಗೆ ಜಾಗ ಕಾಣಲಿ ಅಂತ ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಉಬ್ಬಿಸುತ್ತಾರೆ. ಉಳಿದದ್ದು ಮೇಲೆ ಹೋಗಿ ವಪೆಗೆ, ಅಂದರೆ ಎದೆ ಹೊಟ್ಟೆ ನಡುವಿನ ಪರದೆಗೆ, ಕಿರಿಕಿರಿ ಮಾಡುತ್ತದೆ. ವಪೆಯ ನರ, ಹೆಗಲಿನ ನರ ಎರಡೂ ಕತ್ತಿನ ಒಂದೇ ಕಡೆಯಿಂದ ಹೊರಡುತ್ತವೆ. ಹಾಗಾಗಿ ತೊಂದರೆ ಅಲ್ಲಿ, ನೋವು ಇಲ್ಲಿ.

ಮುಲುಂಡ್ ಸ್ಲೋ

ಅಕ್ಕಾ, ಲೋಕಲ್ ಪ್ರಶ್ನೆ ನನಗೆ ಬಿಡಿ. ನಾನು ಇದೇ ಆಪರೇಷನ್ ಆಗಿ 24ನೇ ದಿನಕ್ಕೆ ಹತ್ತಿದೆ. ನೋವು ಇರಲಿಲ್ಲ, ಮನೆಯಲ್ಲಿ ಕೂತು ತಲೆ ಕೆಟ್ಟಿತ್ತು. ಲೇಡೀಸ್ ಡಬ್ಬದಲ್ಲಿ ಫೋರ್ತ್ ಸೀಟ್ ಸಿಕ್ಕಿತು, ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವಳಾಗಿ. ಅದರಲ್ಲಿ ಕೂರುವುದು ಅಂದರೆ ಗೊತ್ತಲ್ವಾ, ಅರ್ಧ ಸೊಂಟ ಸೀಟಿನ ಮೇಲೆ, ಇನ್ನರ್ಧ ಗಾಳಿಯಲ್ಲಿ. ಬೀಳದ ಹಾಗೆ ಹೊಟ್ಟೆ ಬಿಗಿ ಹಿಡಿದು ಕೂರಬೇಕು. ಘಾಟ್ಕೋಪರ್‌ನಲ್ಲಿ ಇಳಿಯುವ ಹೆಂಗಸಿನ ಟಿಫಿನ್ ಬ್ಯಾಗ್ ಸರಿಯಾಗಿ ಹೊಕ್ಕಳಿಗೆ ಬಡಿಯಿತು. ಕಣ್ಣಲ್ಲಿ ನೀರು ಬಂತು. ದಾದರ್‌ನಲ್ಲಿ ಇಳಿದು, ಬೆಂಚಿನ ಮೇಲೆ ಅರ್ಧ ಗಂಟೆ ಕೂತು ವಾಪಸ್ ಬಂದೆ.

ನೀವು ಡೊಂಬಿವಲಿಯಿಂದ ಫೋರ್ಟ್ ಹತ್ತಿರದ ಸಿಎಸ್‌ಎಂಟಿ ಸ್ಟೇಷನ್‌ವರೆಗೆ, ನನಗಿಂತ ದೂರ. ಆರು ವಾರಕ್ಕೆ ಡಾಕ್ಟರ ಚೀಟಿ ಬರೆಸಿ ಆಫೀಸಿಗೆ ಕಳಿಸಿ. ಚೀಟಿಯಲ್ಲಿ ಹಿಸ್ಟರೆಕ್ಟಮಿ (ಗರ್ಭಕೋಶ ತೆಗೆದದ್ದು) ಅಂತಲೇ ಇರಲಿ. ಬರೀ ಲ್ಯಾಪ್ರೋಸ್ಕೋಪಿ ಅಂತ ಬರೆದರೆ ಅವರಿಗೆ ಹಲ್ಲು ಕೀಳಿಸಿದಷ್ಟೇ ಅನಿಸುತ್ತದೆ. ಆಮೇಲೂ ಮೊದಲ ವಾರ ಫಾಸ್ಟ್ ಗಾಡಿ ಬೇಡ. ಡೊಂಬಿವಲಿಯಿಂದಲೇ ಹೊರಡುವ ಗಾಡಿಯಲ್ಲಿ ಕಿಟಕಿ ಸೀಟು ಹಿಡಿಯಿರಿ, ಹೊಟ್ಟೆಯ ಮುಂದೆ ಬ್ಯಾಗ್ ಇರಲಿ.

ಠಾಣೆ ಭಾವ

ಸುಮ್ನೆ ಹೆದರಿಸುತ್ತೀರಿ ಎಲ್ಲರೂ. ನನ್ನ ಹೆಂಡತಿ ಇದೇ ಆಪರೇಷನ್ ಆಗಿ 15ನೇ ದಿನಕ್ಕೆ ಸ್ಕೂಟರ್ ಓಡಿಸಿದಳು. ಏನೂ ಆಗಲಿಲ್ಲ.

ಪುಣೆ ಸಿಸ್ಟರ್

ಭಾವ, ಸಂತೋಷ. ಅವರ ಸ್ಕೂಟರ್ ಹಿಂದೆ ಗ್ಯಾಸ್ ಸಿಲಿಂಡರ್ ಇತ್ತಾ? ಯಾರಿಗೆ ಎಷ್ಟು ಬೇಗ ಅನ್ನುವುದನ್ನು ಅವರವರ ಡಾಕ್ಟರು ಹೇಳಲಿ. ಇವರ ಹಿಮೋಗ್ಲೋಬಿನ್ ಎಷ್ಟಿತ್ತು ಅಂತ ಇನ್ನೊಮ್ಮೆ ಓದಿ.

ವಾಸ್ಕೋ ಮನೆ

ನನ್ನದು ಅಂಡಾಶಯವನ್ನೂ ತೆಗೆದಿದ್ದರು. ಐದನೇ ದಿನವೇ ಮೈಯೆಲ್ಲ ಬಿಸಿ, ಬೆವರು. ಗೋವಾದ ಸೆಕೆ ಅಂದುಕೊಂಡೆ, ಫ್ಯಾನ್ ಜೋರು ಮಾಡಿ ಅಂತ ಜಗಳವಾಡಿದೆ. ಅಂಡಾಶಯದ ಹಾರ್ಮೋನ್ ಒಂದೇ ಏಟಿಗೆ ನಿಂತವರಿಗೆ ಹೀಗಾಗುತ್ತದೆ ಅಂತ ಆಮೇಲೆ ಡಾಕ್ಟರು ಹೇಳಿದರು. ನಿಮ್ಮದು ಉಳಿಸಿರುವುದರಿಂದ ಇಷ್ಟು ಕಷ್ಟ ಇರುವುದಿಲ್ಲ. ಮುಟ್ಟು ಬರದಿದ್ದರೂ ತಿಂಗಳಿಗೊಮ್ಮೆ ಎದೆ ಭಾರ, ಸಿಡುಕು ಬಂದರೆ ಗಾಬರಿ ಆಗಬೇಡಿ, ಅಂಡಾಶಯ ಅದರ ಪಾಡಿಗೆ ಕೆಲಸ ಮಾಡುತ್ತಿರುತ್ತದೆ. ಅಳು ಬರುತ್ತಿದೆಯಾ? ನನಗೆ ಸಾರಿಗೆ ಉಪ್ಪು ಕಡಿಮೆ ಆದರೂ ಬರುತ್ತಿತ್ತು.

ಡೊಂಬಿವಲಿ ಮೂರನೇ ಮಹಡಿ

ಅಳು ಬರುತ್ತಿದೆ. ನೀವು ಕೇಳಿದ್ದಕ್ಕೂ ಬಂತು.

ಸಿಸ್ಟರ್, ಫೋನ್ ಮಾಡಿದೆ. ಸಂಜೆಯೇ ಬನ್ನಿ ಅಂದರು. ಮೂರು ಮಹಡಿ ಮೆಟ್ಟಿಲು ನಿಂತು ನಿಂತು ಇಳಿದೆ, ರಿಕ್ಷಾದವನಿಗೆ ಗುಂಡಿ ನೋಡಿ ಓಡಿಸಪ್ಪಾ ಅಂತ ಹತ್ತು ಸಲ ಹೇಳಿದೆ. ಒಳಗಿನ ಹೊಲಿಗೆ ಬಿಟ್ಟಿಲ್ಲವಂತೆ. ಒಂದು ಮೂಲೆಯಲ್ಲಿ ಸ್ವಲ್ಪ ಜಿನುಗಿತ್ತು, ಈಗ ನಿಂತಿದೆ. ಮುಂದಿನ ವಾರ ಮತ್ತೆ ತೋರಿಸಬೇಕು. ಬೈದರು, ಮರಾಠಿಯಲ್ಲಿ, ಚೆನ್ನಾಗಿ. ತೆಗೆದ ಗಡ್ಡೆಯ ರಿಪೋರ್ಟೂ ಬಂದಿತ್ತು, ಕ್ಯಾನ್ಸರ್ ಅಲ್ಲ. ಆರು ವಾರದ ಚೀಟಿ ಕೊಟ್ಟರು, ಹಿಸ್ಟರೆಕ್ಟಮಿ ಅಂತ ದೊಡ್ಡ ಅಕ್ಷರದಲ್ಲಿ ಬರೆಸಿಕೊಂಡೆ. ಮುಲುಂಡ್ ತಂಗಿಗೆ ಥ್ಯಾಂಕ್ಸ್.

ಅತ್ತೆಗೆ ‘ಐದನೇ ಗಾಯ’ದ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ರಾತ್ರಿ ನೋಡಿದರೆ ಎರಡೂ ಬಕೆಟ್ ಕಾಣಿಸುತ್ತಿಲ್ಲ. ಅವರ ಮಂಚದ ಕೆಳಗಿದ್ದವು. ಮಗ ಹಾರ್ಡ್‌ವೇರ್ ಅಂಗಡಿಯಿಂದ ಪೈಪ್ ತಂದು ನಲ್ಲಿಯಿಂದ ನೇರ ಡ್ರಮ್ಮಿಗೆ ಬಿಟ್ಟಿದ್ದಾನೆ. 21 ವರ್ಷದಲ್ಲಿ ನಮಗ್ಯಾರಿಗೂ ಇದು ಹೊಳೆದಿರಲಿಲ್ಲ ನೋಡಿ.