ಎಚ್ಚರವಾದರೂ ಮೈ ಅಲ್ಲಾಡುವುದಿಲ್ಲ, ಇದೇನು?

ಪ್ರಶ್ನೆ:
ತಂಗಿಗೆ ಬೆಳಗಿನ ಜಾವ ಎಚ್ಚರವಾಗುತ್ತದೆ, ಆದರೆ ಕೈಕಾಲು ಆಡುವುದಿಲ್ಲ, ಕೂಗಲೂ ಆಗುವುದಿಲ್ಲ, ಎದೆ ಮೇಲೆ ಯಾರೋ ಕೂತ ಹಾಗಿರುತ್ತದಂತೆ. ಅಜ್ಜಿ ದೆವ್ವ ಅನ್ನುತ್ತಾರೆ. ಪರೀಕ್ಷೆ ಹತ್ತಿರ ಇದೆ, ಮಲಗಲೇ ಹೆದರುತ್ತಾಳೆ. ಯಾರಿಗಾದರೂ ಗೊತ್ತಾ?

ಉತ್ತರ 1:
ಇದು ಸ್ಲೀಪ್ ಪ್ಯಾರಾಲಿಸಿಸ್. ಮೊದಲು ಅವಳಿಗೆ ಧೈರ್ಯ ಹೇಳಿ. ಕನಸು ಜಾಸ್ತಿ ಬೀಳುವುದು ರೆಮ್ ಎಂಬ ನಿದ್ದೆಯ ಹಂತದಲ್ಲಿ. ಷಿಕಾಗೋದ ವಿಜ್ಞಾನಿಗಳಾದ ಅಸೆರಿನ್ಸ್ಕಿ, ಕ್ಲೈಟ್‌ಮನ್ 1953ರಲ್ಲೇ ಇದರ ಬಗ್ಗೆ ಬರೆದರು. ಈ ಹಂತದಲ್ಲಿ ರೆಪ್ಪೆಯೊಳಗೆ ಕಣ್ಣು ಓಡಾಡುತ್ತಿರುತ್ತದೆ, ಆದರೆ ಮೆದುಳು ಕೈಕಾಲಿನ ಸ್ನಾಯುಗಳನ್ನು ತಡೆದಿಟ್ಟಿರುತ್ತದೆ, ಇಲ್ಲದಿದ್ದರೆ ಕನಸಲ್ಲಿ ಓಡಿದಾಗ ನಿಜಕ್ಕೂ ಎದ್ದು ಓಡುತ್ತಿದ್ದೆವು ಅಲ್ವಾ. ಕೆಲವೊಮ್ಮೆ ಎಚ್ಚರ ಮೊದಲು ಬರುತ್ತದೆ, ಆ ತಡೆ ಇನ್ನೂ ಹೋಗಿರುವುದಿಲ್ಲ, ಕನಸಿನ ಭಯವೂ ಹಾಗೇ ಉಳಿದಿರುತ್ತದೆ. ಉಸಿರಾಡಿಸುವ ಸ್ನಾಯು ವಪೆ ಕೆಲಸ ಮಾಡುತ್ತಲೇ ಇರುವುದರಿಂದ ಉಸಿರು ನಿಲ್ಲುವುದಿಲ್ಲ. ಸ್ವಲ್ಪ ಹೊತ್ತಿಗೆ ತಾನೇ ಬಿಡುತ್ತದೆ.

ಉತ್ತರ 2:
ನಿದ್ದೆಗೆಟ್ಟು ಓದುತ್ತಾಳಾ? ನಿದ್ದೆ ಕಮ್ಮಿಯಾದರೆ, ಅಂಗಾತ ಮಲಗಿದರೆ ಇದು ಜಾಸ್ತಿ. ಸಂಜೆ ಮೇಲೆ ಕಾಫಿ ಬೇಡ. ನಿದ್ದೆ ತರುವ ಅಡಿನೋಸಿನ್ ಎಂಬ ಮೆದುಳಿನ ರಾಸಾಯನಿಕಕ್ಕೆ ಕಾಫಿಯಲ್ಲಿರುವ ಕೆಫೀನ್ ಅಡ್ಡ ಬರುತ್ತದೆ, ಸುಮಾರು 5 ಗಂಟೆ ಆದಮೇಲೂ ಅರ್ಧದಷ್ಟು ರಕ್ತದಲ್ಲೇ ಇರುತ್ತದೆ.

ಉತ್ತರ 3:
ಹಗಲಲ್ಲೂ ತಡೆಯಲಾಗದ ನಿದ್ದೆ ಬರುತ್ತಾ, ಜೋರಾಗಿ ನಕ್ಕಾಗ ಮಂಡಿ ಕುಸಿಯುತ್ತಾ ಕೇಳಿ. ಹೌದಾದರೆ ನಾರ್ಕೋಲೆಪ್ಸಿ ಎಂಬ ನಿದ್ದೆಯ ಕಾಯಿಲೆ ಇರಬಹುದು, ನರರೋಗ ತಜ್ಞರಿಗೆ ತೋರಿಸಿ.